ಮುಂಗೈ ಮೇಲಿನ ಮಸಾಲೆ

ನಮ್ಮ ಜಿಲ್ಲೆಯಲ್ಲಿ ಎಣ್ಣೆಗೆ ಗೊತ್ತಿರುವುದು ಎರಡೇ ಜಾಗ: ತಲೆ, ಇಲ್ಲವೇ ಬಾಣಲೆ. ಹೊಸದುರ್ಗದ ಕಡೆಯವರು ಕೊಬ್ಬರಿ ಗಾಣಕ್ಕೆ ಹಾಕಿಸಿ ನೆತ್ತಿಗೆ ತಟ್ಟಿಕೊಳ್ಳುತ್ತಾರೆ. ಚಳ್ಳಕೆರೆಯವರು ಶೇಂಗಾ ಅರೆದು ಊರೂರಿಗೆ ಡಬ್ಬ ಕಳಿಸಿ ಎಣ್ಣೆ ನಗರ ಎಂಬ ಹೆಸರನ್ನೇ ಸಂಪಾದಿಸಿದ್ದಾರೆ. ಚಿತ್ರದುರ್ಗದ ಕೋಟೆಯೊಳಗಂತೂ ಬಂಡೆ ಕೊರೆದು ಮಾಡಿದ ಎಣ್ಣೆ ಕೊಳಗಳೇ ಇವೆ. ಅದನ್ನು ತೋರಿಸಿ ನಾಯಕರ ವೈಭವ ಬಣ್ಣಿಸುವಾಗ, ಪ್ರವಾಸಕ್ಕೆ ಬಂದ ಶಾಲೆ ಹುಡುಗರಲ್ಲಿ ಒಬ್ಬನಾದರೂ "ಅಷ್ಟು ಎಣ್ಣೇಲಿ ಎಷ್ಟು ಬೋಂಡ ಬೇಯಿಸಬಹುದು ಸಾರ್?" ಎಂದು ಕೇಳಿಯೇ ಕೇಳುತ್ತಾನೆ. ಓಬವ್ವನ ಕಿಂಡಿಯೂ ಅದೇ ಕೋಟೆಯಲ್ಲಿದೆ. ದುರ್ಗದ ಬಗ್ಗೆ ಯಾರು ಏನು ಬರೆದರೂ ಆ ಕಿಂಡಿಯಲ್ಲಿ ತೂರಿಯೇ ಬರಬೇಕೆಂಬ ನಿಯಮವಿದ್ದಂತಿದೆ. ತೂರಿದ್ದಾಯಿತು, ಮುಂದೆ ಹೋಗೋಣ.

ತಲೆಗೂ ಬಾಣಲೆಗೂ ಸಲ್ಲದ ಮೂರನೆಯ ಎಣ್ಣೆ ಅತ್ತರು. ನಮ್ಮ ಮನೆಗಳಿಗೆ ಅದು ಅಪರಿಚಿತವೇನಲ್ಲ. ಮದುವೆ ಚಪ್ಪರದ ಬಾಗಿಲಲ್ಲಿ ಪನ್ನೀರುದಾನಿ ಹಿಡಿದ ಹುಡುಗಿಯ ಪಕ್ಕ, ಬೀಗರ ಮುಂಗೈಗೆ ಅತ್ತರು ಸವರಲು ಒಬ್ಬ ಮಾವನನ್ನು ನಿಲ್ಲಿಸುತ್ತಿದ್ದರು. ಬೇರೆ ಯಾವ ಕೆಲಸಕ್ಕೂ ಒಗ್ಗದ ಮಾವನನ್ನೇ ಆರಿಸಿ ನಿಲ್ಲಿಸುತ್ತಿದ್ದರು ಎಂಬುದು ಬೇರೆ ಮಾತು. ಶೋಕಿಯ ಅಜ್ಜಂದಿರು ಸಂತೆಗೆ ಹೊರಟರೂ ಹತ್ತಿಯ ಎಳೆಯೊಂದನ್ನು ಅತ್ತರಿನಲ್ಲಿ ಅದ್ದಿ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಎದುರಿಗೆ ಸಿಕ್ಕವರು ಗಟ್ಟಿಯಾಗಿ ಮಾತಾಡಿಸಿ, ಅಜ್ಜನಿಗೆ ಕಿವಿನೋವೇ ಎಂದು ವಿಚಾರಿಸುತ್ತಿದ್ದರು. ಆಮೇಲೆ ಸೆಂಟು ಬಂತು. ಬುಸ್ ಎಂದು ಹೊಡೆದುಕೊಂಡರೆ ಬಸ್ಟ್ಯಾಂಡಿನ ಆ ತುದಿಯಲ್ಲಿರುವವನಿಗೂ ನೀವು ಬಂದಿದ್ದು ಗೊತ್ತಾಗುತ್ತದೆ. ಅತ್ತರಿಗೆ ಆ ಅವಸರವಿಲ್ಲ. ಅದರಲ್ಲಿ ಹಾರಿಹೋಗುವ ಸ್ಪಿರಿಟ್ಟಿಲ್ಲ. ಇರುವುದು ಎಣ್ಣೆ, ಮೆತ್ತಿಕೊಂಡು ಕೂರುವುದೇ ಅದರ ಜಾಯಮಾನ.

ಚಿತ್ರದುರ್ಗದ ಪೇಟೆಯ ಗಲ್ಲಿಯೊಂದರಲ್ಲಿ ಟೋಪಿ, ಸುರ್ಮಾ, ಜಪಮಣಿ, ಖರ್ಜೂರ, ಊದುಬತ್ತಿಗಳ ನಡುವೆ ಅತ್ತರಿನ ಬಾಟಲಿಗಳನ್ನು ಜೋಡಿಸಿಟ್ಟ ಅಂಗಡಿಯಿದೆ. ಅಂಗಡಿಯ ಚಾಚಾ ನನ್ನನ್ನು ನೋಡಿದವರೇ ಕೇಳಿದ್ದು ಯಾವ ಹೂವಿನದು ಬೇಕು ಎಂದಲ್ಲ. "ಬಿಸೀದ್ ಬೇಕಾ, ತಂಪಿಂದ್ ಬೇಕಾ ಸಾರ್?" ಎಂದು. ಖಸ್, ಗುಲಾಬಿ, ಮಿಟ್ಟಿ ಇವೆಲ್ಲ ತಂಪು, ಬೇಸಿಗೆಗೆ. ಹಿನಾ, ಶಮಾಮಾ ಬಿಸಿ, ಚಳಿಗಾಲಕ್ಕೆ. ಮಾಘದ ಗಾಳಿ ಜೋಗಿಮಟ್ಟಿ ಕಡೆಯಿಂದ ಬೀಸುತ್ತಿತ್ತು. ಬೆಟ್ಟಗಳ ನೆತ್ತಿಯ ಮೇಲೆ ಕಂಪನಿಯವರು ನೆಟ್ಟ ಫ್ಯಾನುಗಳು ಗಿರ್ರೆನ್ನುತ್ತಿದ್ದವು. ಬಿಸೀದೇ ಕೊಡಿ ಎಂದೆ.

ಶಮಾಮಾ ಬಂತು. ಕಂದುಗೆಂಪು, ಹೆಚ್ಚೂಕಡಿಮೆ ಕಾಕಂಬಿಯ ಬಣ್ಣ. ಗಾಜಿನ ಕಡ್ಡಿಯ ತುದಿಯಲ್ಲಿ ಒಂದು ಹನಿ ಎತ್ತಿದರೆ ಅದು ಬೀಳಲೋ ಬೇಡವೋ ಎಂದು ಯೋಚಿಸುತ್ತಾ ನಿಂತಿತ್ತು. ಚಾಚಾ ಅದನ್ನು ನನ್ನ ಮಣಿಕಟ್ಟಿನ ಒಳಮೈಗೆ, ನೀಲಿ ನರ ಕಾಣುವ ಕಡೆ, ಉದ್ದಕ್ಕೆ ಎಳೆದರು. ಎಳೆದ ಗೆರೆ ಕ್ಷಣಹೊತ್ತು ಹೊಳೆಯುತ್ತಾ ಮೇಲೆಯೇ ನಿಂತು, ಆಮೇಲೆ ಚರ್ಮದ ಸಣ್ಣ ಸಣ್ಣ ಗೀರುಗಳಲ್ಲಿ ಕವಲೊಡೆದು ಇಳಿಯಿತು. ಅಂಗಿಯ ತೋಳಿಗೆ ತಾಕಿದ್ದ ಇಷ್ಟು ಚೂರು ಕಂದು ಕಲೆಯಾಗಿ ಇವತ್ತಿಗೂ ಹೋಗಿಲ್ಲ. ಎರಡು ಕೈ ಸೇರಿಸಿ ಉಜ್ಜಲು ಹೊರಟೆ. "ಉಜ್ಜಬ್ಯಾಡ್ರಿ ಸಾರ್, ಅದರ ಪಾಡಿಗೆ ಬಿಟ್ಬಿಡಿ. ಈಗ ಮೂಸ್ಬ್ಯಾಡ್ರಿ. ಮೂಗು ಒಪ್ಪಿದ್ರೆ ಸಾಲ್ದು, ಚರ್ಮ ಒಪ್ಪಬೇಕು" ಎಂದರು ಚಾಚಾ. ಮೂಸಬೇಡ ಎಂದರೆ ಮೂಸದೆ ಇರುವ ಮನುಷ್ಯ ಇನ್ನೂ ಹುಟ್ಟಿಲ್ಲ. ಮೂಸಿದೆ. ಏಲಕ್ಕಿ, ಲವಂಗ, ಜಾಯಿಕಾಯಿ, ಹಿಂದೆಯೇ ಎಂಥದೋ ಕಮಟು. ಮದುವೆಮನೆಯ ಹಿತ್ತಲಲ್ಲಿ ಭಟ್ಟರು ಮಸಾಲೆ ಹುರಿಯುತ್ತಿರುವಾಗ ಪಕ್ಕದಲ್ಲೇ ಯಾರೋ ಊದುಬತ್ತಿ ಹಚ್ಚಿದ ಹಾಗಿತ್ತು. ಕಾಲು ತೊಲದ ಪುಟ್ಟ ಶೀಶೆಯೊಂದನ್ನು ತೆಗೆದುಕೊಂಡೆ. ಒಪ್ಪದಿದ್ದರೆ ವಾಪಸ್ ತನ್ನಿ, ಬೇರೆ ಕೊಡುತ್ತೇನೆ ಎಂದರು. ಬಟ್ಟೆ ಅಂಗಡಿಯವರೂ ಇಷ್ಟು ಧೈರ್ಯವಾಗಿ ಹೇಳುವುದಿಲ್ಲ.

ಈ ಶಮಾಮಾದ ಊರು ಉತ್ತರ ಪ್ರದೇಶದ ಕನೌಜು. ಹರ್ಷವರ್ಧನನ ರಾಜಧಾನಿ ಎಂದು ಸಮಾಜ ಪುಸ್ತಕದಲ್ಲಿ ಓದಿದ ಊರೇ. ಹರ್ಷ ಹೋದ, ಅತ್ತರು ಉಳಿಯಿತು. ಅಲ್ಲಿನವರು ಇವತ್ತಿಗೂ ದೇಗ್ ಎನ್ನುವ ತಾಮ್ರದ ಹಂಡೆಗೆ ನೀರು, ಹೂವು, ಬೇರು, ಮಸಾಲೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಉಸಿರು ಹೊರಡದ ಹಾಗೆ ಮುಚ್ಚಿ, ಕೆಳಗೆ ಸೌದೆ ಉರಿ ಹಾಕುತ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಹರಿದು, ನೀರಿನ ತೊಟ್ಟಿಯಲ್ಲಿ ಕೂರಿಸಿದ ಭಪ್ಕಾ ಎಂಬ ಗಡಿಗೆಗೆ ಇಳಿಯುತ್ತದೆ. ಆ ಗಡಿಗೆಯಲ್ಲಿ ಮೊದಲೇ ಗಂಧದೆಣ್ಣೆ ಕಾಯುತ್ತಿರುತ್ತದೆ. ಬಂದ ಪರಿಮಳವನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ, ನೀರನ್ನು ಬಸಿದು ಬಿಡುತ್ತಾರೆ. ಗುಲಾಬಿಗೆ ಒಂದು ಬಗೆಯ ಹೂವು ಸಾಕು. ಶಮಾಮಾಕ್ಕೆ ಹತ್ತಾರು ಸಾಮಾನು ಬೇಕು, ದಿನಗಟ್ಟಲೆ ಬೇಯಿಸಬೇಕು. ಯಾವುದು ಎಷ್ಟು ಎಂಬುದು ಮನೆತನದ ಗುಟ್ಟು, ಸೊಸೆ ಬಂದು ನಾಲ್ಕು ವರ್ಷವಾದರೂ ಅತ್ತೆ ಸಾರಿನ ಪುಡಿಯ ಅಳತೆ ಬಿಟ್ಟುಕೊಡದ ನಮ್ಮ ಮನೆಗಳಲ್ಲಿರುವಂಥದೇ ಗುಟ್ಟು.

ಗುಟ್ಟಿರುವುದು ಅಳತೆಯಲ್ಲಿ. ಸಾಮಾನುಗಳ ಹೆಸರು ಎಲ್ಲರಿಗೂ ಗೊತ್ತು. ಅಲ್ಲಿಯೇ ನನಗೆ ಮಜಾ ಕಂಡಿದ್ದು. ಏಲಕ್ಕಿ, ಲವಂಗ, ಜಾಯಿಕಾಯಿ, ಜಾಪತ್ರೆ, ಕೇಸರಿ, ಜಟಾಮಾಂಸಿ ಸರಿ. ಅವರು ಚರೀಲಾ ಎನ್ನುವುದು ಯಾವುದು ಎಂದು ನೋಡಿದರೆ ನಮ್ಮ ಕಲ್ಲುಹೂವು! ಪಲಾವಿಗೆ ಚಿಟಿಕೆ ಹಾಕಿ ಮರೆತುಬಿಡುವ, ಒಣಗಿದ ಕಪ್ಪು ಚಕ್ಕೆ. ಹೂವೂ ಅಲ್ಲ, ಗಿಡವೂ ಅಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಸಂಸಾರ ಹೂಡಿದ ಕಲ್ಲುಪಾಚಿ. ಕಲ್ಲಿನ ಕೋಟೆಯವರಾದ ನಮಗೆ ಕಲ್ಲುಹೂವನ್ನು ಕನೌಜಿನವರು ಶೀಶೆಯಲ್ಲಿ ಹಾಕಿ ಮಾರುತ್ತಾರೆ. ಇನ್ನೊಂದು ನಾಗರಮೋಥಾ. ಅದು ನಮ್ಮ ಹೊಲಗಳ ಜೇಕಿನ ದಾಯಾದಿ. ಜೇಕು ಎಂದರೆ ಹಿರಿಯೂರು ಕಡೆಯ ರೈತರು ಎದ್ದು ನಿಂತು ಬೈಯುತ್ತಾರೆ. ಕಿತ್ತಷ್ಟೂ ಗಡ್ಡೆ ಒಳಗೆ ಉಳಿದು ಚಿಗುರುವ ಹುಲ್ಲು ಅದು. ಅದರ ಗಡ್ಡೆ ಕಿತ್ತು ಮುರಿದು ಮೂಸಿ ನೋಡಿದವರಿಗೆ ಗೊತ್ತು, ಮಣ್ಣಿನ ಜೊತೆಗೆ ಗಂಧದ ಎಳೆಯೊಂದು ಬರುತ್ತದೆ. ಬೈಯುವ ಭರದಲ್ಲಿ ಮೂಸುವವರು ಕಡಿಮೆ.

ಚಾಚಾನ ಅಂಗಡಿಯಿಂದ ಹೊರಟು ಹೊಳಲ್ಕೆರೆ ಬಸ್ಸು ಹತ್ತಿದೆ. ಅಲ್ಲಿ ಒಬ್ಬ ಗೆಳೆಯನನ್ನು ಕಂಡು, ಹೊಸದುರ್ಗಕ್ಕೆ ಹೋಗಿ, ಅಲ್ಲಿಂದ ಹಿರಿಯೂರಿಗೆ ಸೋದರತ್ತೆಯ ಮನೆಗೆ ಹೋಗುವುದಿತ್ತು. ಅಲ್ಲಿನ ತೇರುಮಲ್ಲೇಶ್ವರನ ರಥ ಎಳೆಯುವ ಹೊತ್ತಿಗೆ ಮನೆ ಮಂದಿ ಎಲ್ಲಿದ್ದರೂ ಬಂದು ಸೇರಬೇಕೆಂಬುದು ಅತ್ತೆಯ ಕಾನೂನು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಅಡಿಕೆ ವ್ಯಾಪಾರದ ಯಜಮಾನರು. ಎರಡು ಸಲ ಮೂಗೇರಿಸಿ, ನನ್ನ ಕೈಚೀಲದತ್ತ ನೋಡಿ, ತಡೆಯಲಾರದೆ "ಬಿರಿಯಾನಿ ಪಾರ್ಸಲ್ಲಾ ಸ್ವಾಮಿ?" ಎಂದರು. ಅಲ್ಲ, ಅತ್ತರು ಎಂದು ಮಣಿಕಟ್ಟು ಚಾಚಿದೆ. ಮೂಸಿದರು. ನಂಬಿದ ಹಾಗೆ ಕಾಣಲಿಲ್ಲ. ಹಿಂದಿನ ಸೀಟಿನಿಂದ ಒಬ್ಬ ಹುಡುಗನೂ ಕೈಚೀಲವನ್ನೇ ದಿಟ್ಟಿಸುತ್ತಿದ್ದ.

ಯಜಮಾನರದೇನೂ ತಪ್ಪಿಲ್ಲ. ಎಣ್ಣೆಯೊಳಗೆ ಇರುವವರೆಲ್ಲ ಒಟ್ಟಿಗೆ ಹೊರಡುವುದಿಲ್ಲ. ಚರ್ಮದ ಮೇಲ್ಮೈ ಮೂವತ್ತೆರಡು ಮೂವತ್ಮೂರು ಡಿಗ್ರಿ ಬಿಸಿಯಿರುತ್ತದೆ, ಅಷ್ಟು ಕಾವಿಗೆ ಹಗುರ ಅಣುಗಳು ಮೊದಲು ಏಳುತ್ತವೆ. ಏಲಕ್ಕಿಯಲ್ಲಿರುವ ಸಿನಿಯೋಲ್ ಅಂಥದು, ನೀಲಗಿರಿ ಎಣ್ಣೆಯಲ್ಲೂ ಅದೇ ಇರುವುದರಿಂದ ಮೂಗಿಗೆ ತಣ್ಣಗೆ ಹೊಡೆಯುತ್ತದೆ, ಬೇಗ ಹೋಗುತ್ತದೆ. ಲವಂಗದ ಯೂಜಿನಾಲ್ ಅದಕ್ಕಿಂತ ನಿಧಾನ. ಕಲ್ಲುಹೂವು, ಜಟಾಮಾಂಸಿಗಳ ಸರದಿ ಆಮೇಲೆ. ಗಂಧದೆಣ್ಣೆಯ ಸ್ಯಾಂಟಲಾಲ್ ಭಾರದ್ದು, ಅದು ಕದಲುವುದೇ ಕಟ್ಟಕಡೆಗೆ. ಹೀಗಾಗಿ ಅಂಗಡಿಯಲ್ಲಿ ಮೂಸಿ ಕೊಂಡವರು ಕೊಂಡಿದ್ದು ಏಲಕ್ಕಿಯನ್ನು, ಮನೆಗೆ ಒಯ್ದಿದ್ದು ಬೇರೆ ಯಾರನ್ನೋ.

ಈ ಗಂಧದೆಣ್ಣೆಯಲ್ಲಿ ನಮ್ಮದೂ ಒಂದು ಪಾಲಿದೆ. ಮೊದಲ ಮಹಾಯುದ್ಧ ಬಂದು ಯುರೋಪಿಗೆ ಮೈಸೂರಿನ ಗಂಧದ ಕೊರಡು ಸಾಗಿಸುವುದು ನಿಂತಾಗ, ನಾಲ್ವಡಿಯವರೂ ವಿಶ್ವೇಶ್ವರಯ್ಯನವರೂ ಇಲ್ಲಿಯೇ ಎಣ್ಣೆ ತೆಗೆಯೋಣ ಎಂದು 1916ರಲ್ಲಿ ಕಾರ್ಖಾನೆ ಶುರುಮಾಡಿಸಿದರು. 1918ರಲ್ಲಿ ಸೋಪು ಬಂತು. ಬಚ್ಚಲಲ್ಲಿ ಸವೆದು ಸವೆದು ಎಲೆಯಷ್ಟು ತೆಳ್ಳಗಾದರೂ ಅಮ್ಮ ಅದನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುತ್ತಿದ್ದಳು. ದುರ್ಗದ ಕುರುಚಲು ಗುಡ್ಡಗಳಲ್ಲೂ ಶ್ರೀಗಂಧ ತಾನಾಗಿ ಬೆಳೆಯುತ್ತದೆ. ಟಿಪ್ಪುವಿನ ಕಾಲದಿಂದ ಅದು ದೊರೆಯ ಮರ, ನಿಮ್ಮ ಹೊಲದಲ್ಲಿ ಹುಟ್ಟಿದರೂ ನಿಮ್ಮದಾಗಿರಲಿಲ್ಲ. 2001ರಲ್ಲಿ ಕಾಯ್ದೆ ತಿದ್ದಿ ಜಮೀನಿನವರಿಗೇ ಮಾಲೀಕತ್ವ ಕೊಟ್ಟರು. ಅಷ್ಟರೊಳಗೆ ಮರಕ್ಕಿಂತ ಕಳ್ಳರೇ ಹೆಚ್ಚಾಗಿದ್ದರು. ಗಂಧದೆಣ್ಣೆಯ ಬೆಲೆ ಏರಿದ ಮೇಲೆ ಕನೌಜಿನ ಎಷ್ಟೋ ಭಪ್ಕಾಗಳಲ್ಲಿ ಈಗ ವಾಸನೆಯಿಲ್ಲದ ಪ್ಯಾರಫಿನ್ ಎಣ್ಣೆ ಕೂತಿರುತ್ತದೆ. ನನ್ನ ಕಾಲು ತೊಲದಲ್ಲಿ ಯಾವುದಿದೆ ಎಂಬುದನ್ನು ಸಂಜೆಯಾದ ಮೇಲೆ ಕೈಯೇ ಹೇಳಬೇಕು. ಗಂಧವಿದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಬರೀ ಜಿಡ್ಡು.

ಹೊಳಲ್ಕೆರೆಯಲ್ಲಿ ಇಳಿಯುವ ಹೊತ್ತಿಗೆ ಬಿರಿಯಾನಿ ಮುಗಿದಿತ್ತು. ಬಯಲಿನಲ್ಲೇ ಕೂತ ಆ ದೊಡ್ಡ ಗಣಪನಿಗೆ ಕೈಮುಗಿಯುವಾಗ ಜೋಡಿಸಿದ ಕೈಗಳು ಮೂಗಿನ ಹತ್ತಿರವೇ ಬಂದವು. ಈಗ ಅಲ್ಲಿದ್ದದ್ದು ಬೇರು, ಒದ್ದೆ ಸೌದೆ, ಹಳೆಯ ಗಿಡಮೂಲಿಕೆ ಪೆಟ್ಟಿಗೆ. ಗೆಳೆಯ ಎದುರುಗೊಂಡವನು ಅಪ್ಪಿಕೊಂಡು, ಹಿಂದೆ ಸರಿದು, ಗಂಭೀರವಾಗಿ "ಮಲ್ಲಾಡಿಹಳ್ಳಿಗೆ ಹೋಗಿದ್ಯೇನೋ? ಮಂಡಿನೋವಾ?" ಎಂದ. ಹೊಳಲ್ಕೆರೆ ಸೀಮೆಯಲ್ಲಿ ಇದು ಸಹಜವಾದ ಪ್ರಶ್ನೆ. ತಿರುಕ ಎಂದೇ ಕರೆದುಕೊಂಡ ರಾಘವೇಂದ್ರ ಸ್ವಾಮೀಜಿ ಮಲ್ಲಾಡಿಹಳ್ಳಿಯಲ್ಲಿ ಆಶ್ರಮ ಕಟ್ಟಿ, ಯೋಗ ಕಲಿಸಿ, ಆಯುರ್ವೇದದ ಔಷಧ ಕೊಟ್ಟರು. ಜಟಾಮಾಂಸಿಯ ವಾಸನೆ ಮೂಗಿಗೆ ಬಡಿದರೆ ಇಲ್ಲಿನವರಿಗೆ ಸೊಗಸುಗಾರ ನೆನಪಾಗುವುದಿಲ್ಲ, ತೈಲ ನೆನಪಾಗುತ್ತದೆ. ಗೆಳೆಯನಿಗೆ ಎಷ್ಟು ಹೇಳಿದರೂ ಸಮಾಧಾನವಾಗಲಿಲ್ಲ. ಊಟಕ್ಕೆ ಕೂತಾಗ "ಬದನೆಕಾಯಿ ಪಥ್ಯ ಇದೆಯೇನೋ?" ಎಂದು ಕೇಳಿದ.

ತೈಲಕ್ಕೂ ಅತ್ತರಿಗೂ ಹಿಂದಿನವರು ಅಷ್ಟೇನೂ ಬೇಲಿ ಹಾಕಿರಲಿಲ್ಲ. ಕ್ರಿ.ಶ. 1025ರ ಸುಮಾರಿನಲ್ಲಿ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಮಳೆಯ ಶಕುನ, ಬಾವಿ ತೋಡುವ ಜಾಗ, ಗಿಡ ಬೆಳೆಸುವುದು, ಅಡುಗೆ ಇವುಗಳ ನಡುವೆಯೇ ಸುಗಂಧ ಮಾಡುವ ವಿಧಾನವೂ ಇದೆ. ಸಂಸಾರಸ್ಥನಿಗೆ ಬಾವಿಯಷ್ಟೇ ಪರಿಮಳವೂ ಬೇಕೆಂದು ಆತನ ಲೆಕ್ಕ. ಮುಂದಿನ ಶತಮಾನದಲ್ಲಿ ಕಲ್ಯಾಣದ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ರಾಜನ ಭೋಗಗಳನ್ನು ಎಣಿಸುವಾಗ ಲೇಪನಕ್ಕೊಂದು, ಧೂಪಕ್ಕೊಂದು ಭಾಗ ಇಟ್ಟ. ಇವರಿಗಿಂತ ಎಷ್ಟೋ ಹಿಂದೆ, 6ನೇ ಶತಮಾನದಲ್ಲಿ, ವರಾಹಮಿಹಿರ 'ಬೃಹತ್ಸಂಹಿತೆ'ಯಲ್ಲಿ ಹದಿನಾರು ದ್ರವ್ಯಗಳನ್ನು ನಾಲ್ಕು ನಾಲ್ಕಾಗಿ, ಬೇರೆ ಬೇರೆ ಪಾಲಿನಲ್ಲಿ ಕೂಡಿಸಿದರೆ 1,74,720 ಪರಿಮಳಗಳಾಗುತ್ತವೆ ಎಂದು ಲೆಕ್ಕ ಹಾಕಿಟ್ಟ. ಜ್ಯೋತಿಷಿಗೆ ಲೆಕ್ಕ ಬಿಡಲಾಗದು. ಆದರೆ ಇದನ್ನು ಹಚ್ಚಿಕೊಳ್ಳುವ ಕೈ ಯಾರದು ಎಂದು ಅವನು ಕೂಡಿಸಿದಂತಿಲ್ಲ. ಕೈಗಳನ್ನೂ ಸೇರಿಸಿ ಗುಣಿಸಿದರೆ ಕಾಗದ ಸಾಲುತ್ತಿರಲಿಲ್ಲ.

ಏಕೆಂದರೆ ಕೈಯಿಂದ ಕೈಗೆ ವ್ಯತ್ಯಾಸವಿದೆ. ಇದಕ್ಕೆ ನಮ್ಮಲ್ಲಿಯೇ ಸಿಗುವ ಸಾಕ್ಷಿ ದವನ. ಮಲ್ಲಿಗೆ ಕನಕಾಂಬರದ ನಡುವೆ ಬೂದುಹಸಿರು ಎಳೆಯಾಗಿ ಕಟ್ಟುವ, ಚೈತ್ರದ ದವನದ ಹುಣ್ಣಿಮೆಯಲ್ಲಿ ದೇವರಿಗೆ ಏರಿಸುವ ಆ ಸೊಪ್ಪಿನಿಂದಲೂ ಎಣ್ಣೆ ಇಳಿಸುತ್ತಾರೆ. ದಕ್ಷಿಣ ಭಾರತವೇ ಅದರ ತವರು. ಒಬ್ಬರ ಮೈಮೇಲೆ ಇದ್ದ ಹಾಗೆ ಇನ್ನೊಬ್ಬರ ಮೈಮೇಲೆ ಅದು ಇರುವುದಿಲ್ಲ ಎಂಬುದು ಸುಗಂಧ ತಯಾರಿಸುವವರ ನಡುವೆ ಪ್ರಸಿದ್ಧವಾದ ಮಾತು. ಒಬ್ಬರ ಕೈಯಲ್ಲಿ ಹಣ್ಣಿನ ಸಿಹಿ, ಇನ್ನೊಬ್ಬರಲ್ಲಿ ಸೊಪ್ಪಿನ ಕಹಿ. ನಮ್ಮ ಬಯಲುಸೀಮೆಯ ಚರ್ಮವೋ, ಚಳಿಗಾಲದಲ್ಲಿ ಉಗುರಿನಿಂದ ಗೀಚಿ ಹೆಸರು ಬರೆಯಬಹುದಾದ ಚರ್ಮ. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತಾಗ ಮುಂದಿನವನ ತೋಳಿನ ಮೇಲೆ ಬಿಳಿ ಗೆರೆ ಎಳೆದು ಚಿತ್ರ ಬಿಡಿಸಿದವರೇ ನಾವೆಲ್ಲ. ಅಂಥ ಮೈಮೇಲೆ ಪರಿಮಳ ನಿಲ್ಲುವುದು ಕಷ್ಟ. ಜಿಡ್ಡಿರುವ ಚರ್ಮದಲ್ಲಿ ಅದು ಹೆಚ್ಚು ಹೊತ್ತು ತಂಗುತ್ತದೆ.

ಹೊಸದುರ್ಗದ ಬಗ್ಗೆ ಹೇಳಲು ಬಹಳ ಇಲ್ಲ, ಏಕೆಂದರೆ ಅಲ್ಲಿ ನನಗೆ ಏನೂ ವಾಸನೆ ಬರಲಿಲ್ಲ. ಮಣಿಕಟ್ಟನ್ನು ಮೂಗಿಗೆ ಒತ್ತಿ ಹಿಡಿದರೂ ಇಲ್ಲ. ಬಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಹೀಗೆ ತನ್ನ ಕೈಯನ್ನೇ ಮೂಸುವವನನ್ನು ಕಂಡು ಎಳನೀರಿನವಳು ಸ್ವಲ್ಪ ಆಚೆ ಸರಿದು ನಿಂತಳು. ಅತ್ತರು ಹೋಗಿರಲಿಲ್ಲ, ಮೂಗು ಸೋತಿತ್ತು. ಒಂದೇ ವಾಸನೆ ಸತತವಾಗಿದ್ದರೆ ಮೂಗು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದನ್ನು ಬಿಟ್ಟುಬಿಡುತ್ತದೆ. ಪರಿಮಳ ಹಚ್ಚಿಕೊಂಡವರು ಸಾಕಾಗಲಿಲ್ಲವೆಂದು ಮತ್ತೆ ಮತ್ತೆ ಹಚ್ಚಿಕೊಳ್ಳುವುದೂ, ಪಕ್ಕದಲ್ಲಿ ಕೂತವರು ಕಿಟಕಿ ತೆಗೆಯುವುದೂ ಇದೇ ಕಾರಣಕ್ಕೆ. ಎಳನೀರು ಕುಡಿದು ಬಸ್ಸು ಹತ್ತಿದೆ.

ಹಿರಿಯೂರಿನ ದಾರಿಯಲ್ಲಿ, ಮಾರಿಕಣಿವೆಯ ಸೀಮೆ ಹತ್ತಿರವಾದಂತೆ, ಚಾಚಾನ ಅಂಗಡಿಯಲ್ಲಿ ನಾನು ಮುಟ್ಟದೆ ಬಿಟ್ಟ ಮಿಟ್ಟಿ ಅತ್ತರಿನ ನೆನಪಾಯಿತು. ಸುಟ್ಟ ಮಣ್ಣಿನ ಬಿಲ್ಲೆಗಳನ್ನು ದೇಗಿನಲ್ಲಿ ಬೇಯಿಸಿ, ಮೊದಲ ಮಳೆಯ ವಾಸನೆಯನ್ನು ಗಂಧದೆಣ್ಣೆಗೆ ಇಳಿಸಿದ್ದು ಅದು. ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಆಸ್ಟ್ರೇಲಿಯದ ವಿಜ್ಞಾನಿಗಳು 1964ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಆ ವಾಸನೆಗೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಬರಗಾಲದಲ್ಲಿ ಒಣಗಿದ ಕಲ್ಲುಮಣ್ಣು ಗಿಡಗಳ ಎಣ್ಣೆಯನ್ನು ಹೀರಿಟ್ಟುಕೊಂಡು ಮಳೆ ಬಿದ್ದಾಗ ಬಿಡುತ್ತದೆ ಎಂದು ತೋರಿಸಿದರು. ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಕೂಡ ಅದರಲ್ಲಿ ಸೇರಿದೆ. ಒಣಗಿದಷ್ಟೂ ಪರಿಮಳ ಜಾಸ್ತಿ ಎನ್ನುವುದು ನಿಜವಾದರೆ ಹಿರಿಯೂರು ಸೀಮೆ ಜಗತ್ತಿನ ಅತ್ತರಿನ ಗಣಿಯಾಗಬೇಕಿತ್ತು. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬೀಳಲು 2022 ಬರಬೇಕಾಯಿತು. ನಡುವಿನ ಆ ಎಂಬತ್ತೊಂಬತ್ತು ವರ್ಷ ಇಲ್ಲಿನ ಮಣ್ಣು ಎಷ್ಟು ಹೀರಿಟ್ಟಿತ್ತೋ! ಕೋಡಿ ನೋಡಲು ಹೋದ ಜನ ಮಾತ್ರ ಮೂಸಲಿಲ್ಲ, ಸೆಲ್ಫಿ ತೆಗೆದುಕೊಂಡರು.

ಅತ್ತೆ ಬಾಗಿಲಲ್ಲೇ ಹಿಡಿದಳು. "ಏನೋ ಅಳಿಯ, ದೇವರ ಮನೆ ಹೊಕ್ಕು ಬಂದಂಗಿದೀಯ?" ಎಂದಳು. ಬಿರಿಯಾನಿಯೂ ತೈಲವೂ ಹೋಗಿ ಕೈಯಲ್ಲಿ ಗಂಧ ಉಳಿದಿರುವುದು ಹೀಗೆ ಗೊತ್ತಾಯಿತು. ಚಾಚಾ ಪ್ಯಾರಫಿನ್ ಮಾರಿರಲಿಲ್ಲ. ಶೀಶೆ ತೆಗೆದು ತೋರಿಸಿದೆ. ಅತ್ತೆ ಆಗಷ್ಟೇ ಹೋಳಿಗೆಗೆ ಕಾಯಿ ತುರಿದು ಎದ್ದಿದ್ದಳು. ಸೆರಗಿಗೆ ಒರೆಸಿಕೊಂಡು ಕೈ ಚಾಚಿದಳು. ಕಾಯಿಹಾಲಿನ ಜಿಡ್ಡು ಮಣಿಕಟ್ಟಿನವರೆಗೂ ಹತ್ತಿತ್ತು. ಅದರ ಮೇಲೆಯೇ ಒಂದು ಗೆರೆ ಎಳೆದೆ. ನನ್ನ ಕೈಯಲ್ಲಿ ಹೊಳಲ್ಕೆರೆಗೆ ಮುಂಚೆಯೇ ಇಳಿದುಹೋಗಿದ್ದ ಲವಂಗ ಅತ್ತೆಯ ಕೈಯಲ್ಲಿ ಹೋಳಿಗೆ ತಟ್ಟಿ, ಬೇಯಿಸಿ, ನಮಗೆಲ್ಲ ಬಡಿಸಿ ಮುಗಿಯುವವರೆಗೂ ಕೂತಿತ್ತು. ಆಮೇಲೆ ಬಂದದ್ದು ಬೇರಲ್ಲ, ಸೌದೆಯಲ್ಲ, ಜೇನಿನಂಥ ಒಂದು ಸಿಹಿ. ಅದು ನನ್ನ ಕೈಯಲ್ಲಿ ಯಾವ ಊರಿನಲ್ಲೂ ಹತ್ತಿರಲಿಲ್ಲ, ಇಳಿದಿರಲಿಲ್ಲ. ಮಾವನನ್ನು ಕರೆದು ಇಬ್ಬರ ಕೈಯನ್ನೂ ಮೂಸಲು ಹೇಳಿದೆವು. ಐವತ್ತು ವರ್ಷ ಸಂಸಾರ ಮಾಡಿದವರು, ವಿಚಾರಣೆಯಿಲ್ಲದೆ ಅತ್ತೆಯ ಕೈಯೇ ಎಂದರು. ನಾನು ಎರಡು ಸಲ ಮೂಸಿ ನೋಡಿದೆ. ಮಾವ ಹೆದರಿ ಹೇಳಿದ್ದಲ್ಲ, ನಿಜವೇ ಇತ್ತು.

ಮರುದಿನ ತೇರಿಗೆ ಹೊರಡುವ ಮುಂಚೆ ಅತ್ತೆ ಶೀಶೆ ಎಲ್ಲೆಂದು ಕೇಳಿದಳು. ಎರಡೂ ಕೈಗೆ ಹಚ್ಚಿಕೊಂಡು, ಉಳಿದದ್ದನ್ನು ನನಗೆ ವಾಪಸ್ ಕೊಡುತ್ತಾಳೆಂದು ಕೈ ನೀಡಿದರೆ, ಟ್ರಂಕು ತೆಗೆದು ರೇಷ್ಮೆ ಸೀರೆಗಳ ಸಂದಿಗೆ, ನುಸಿಗುಳಿಗೆಗಳ ಮಗ್ಗುಲಿಗೆ ಇಟ್ಟು ಚಿಲಕ ಹಾಕಿದಳು. "ನಿನ್ ಕೈಗೆ ಹತ್ತಲ್ಲ ಬಿಡು" ಎಂದಳು. ಅಂಗಳಕ್ಕೆ ಇಳಿದವಳು ತಿರುಗಿ ನಿಂತು ಎಷ್ಟಾಯ್ತು ಎಂದು ಕೇಳಿದಳು. ಹೇಳಿದೆ.

"ಅಷ್ಟಕ್ಕೆ ಒಂದು ವರ್ಷದ ಲವಂಗ ಏಲಕ್ಕಿ ಬರ್ತಿತ್ತಲ್ಲೋ!"